ತಿರುಪಿನ ಮೇಲಿನ ಹಳದಿ ಗೆರೆ

ರೈಫಲ್ಲನ್ನು ಬೆಂಚಿನ ಮೇಲೆ ಮಲಗಿಸಿ ಅರ್ಧ ಗಂಟೆಯಾಗಿದ್ದರೂ ರೇನೊ ಸಾರೆಲಾ ಇನ್ನೂ ಒಂದು ತಿರುಪಿಗೂ ಕೈ ಹಚ್ಚಿರಲಿಲ್ಲ. ಮೇಲೆ ಅಡುಗೆಮನೆಯಲ್ಲಿ ಅವನ ಹೆಂಡತಿ ಲೊರೇನ್ ಏಲಕ್ಕಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು. ಅವಳ ಕೈ ಮೇಜಿಗೆ ಬಡಿಯುವ ಸದ್ದು ನೆಲಮಾಳಿಗೆಯ ತೊಲೆಗಳ ಮೂಲಕ ಇಳಿದು ಅವನ ನೆತ್ತಿಯ ಮೇಲೇ ಬೀಳುತ್ತಿತ್ತು. ಕಿಟಕಿಯ ಹೊರಗೆ ವರ್ಷದ ಮೊದಲ ಹಿಮ, ಬೀಳಬೇಕೋ ಬೇಡವೋ ಎಂದು ತೀರ್ಮಾನಿಸಲಾರದೆ ಅಲ್ಲಲ್ಲೇ ಸುತ್ತುತ್ತಿತ್ತು. ಬೇಟೆ ಶುರುವಾಗಲು ಇನ್ನು ಐದೇ ದಿನ. ಬೆಂಚಿನ ತುದಿಯಲ್ಲಿ ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ದೊಡ್ಡ ಒಂದು ಕಪ್ಪು ಡಬ್ಬಿ ಇತ್ತು. ಅದರೊಳಗೆ ಕೆಂಪು ಚುಕ್ಕಿಯ ಗುರಿಗಾಜು. ರೈಫಲ್ಲಿನ ಮೇಲಿದ್ದ ಹಳೆಯ ದುರ್ಬೀನಿನ ಹಾಗೆ ಒಂದು ಕಣ್ಣು ಮುಚ್ಚಿ ಇಷ್ಟುದ್ದದ ಕೊಳವೆಯೊಳಗೆ ಇಣುಕುವ ಗೋಜಿಲ್ಲ. ಎರಡೂ ಕಣ್ಣು ತೆರೆದುಕೊಂಡು ಆ ಪುಟ್ಟ ಗಾಜಿನತ್ತ ನೋಡಿದರೆ ಒಳಗೊಂದು ಕೆಂಪು ಚುಕ್ಕಿ ಉರಿಯುತ್ತದೆ, ಚುಕ್ಕಿ ಎಲ್ಲಿ ಕೂತಿದೆಯೋ ಗುಂಡು ಅಲ್ಲಿಗೆ. ರೇನೊನಿಗೆ ಅರವತ್ತೆಂಟು ತುಂಬಿದ ದಿನ, ಕಾಡಿನ ಬೇಟೆಮನೆಯ ಜೊತೆಗಾರರಾದ ಐದೂ ಜನರ ಪರವಾಗಿ ಲೊರೇನಳ ತಮ್ಮ ಡ್ವೇನ್ ಅದನ್ನು ಅವನ ಕೈಗಿತ್ತಿದ್ದ. ಜೊತೆಗಿದ್ದ ಕಾರ್ಡಿನಲ್ಲಿ 'ನಮ್ಮ ಮುದಿ ಹದ್ದಿಗೆ' ಎಂದು ಬರೆದಿತ್ತು. ಎಲ್ಲರೂ ನಕ್ಕಿದ್ದರು, ರೇನೊ ಕೂಡ. ನಗುವಾಗ ಕೆನ್ನೆಯ ಸ್ನಾಯುಗಳನ್ನು ಯಾರೋ ಹಿಂದಿನಿಂದ ಹಿಡಿದೆಳೆದಂತೆ ಆಗಿತ್ತು.

ಆ ದಿನದಿಂದ ಡ್ವೇನ್ ನಾಲ್ಕು ಸಲ ಕೇಳಿದ್ದ, "ರೈಫಲ್ ನನ್ನ ಕೈಗೆ ಕೊಡು ಭಾವ, ಗಾಜು ನಾನೇ ಕೂರಿಸ್ಕೊಂಡ್ ಬರ್ತೀನಿ" ಅಂತ. ನಿನ್ನೆ ಫೋನಿನಲ್ಲೂ ಅದೇ. "ನೀನ್ಯಾಕೆ ಆ ಕತ್ಲೆ ಮಾಳಿಗೇಲಿ ಕಣ್ಣು ಹಾಳ್ಮಾಡ್ಕೋತೀಯ." ಬೇಟೆಮನೆಯ ಆರೂ ರೈಫಲ್ಲುಗಳಿಗೆ ಮೂವತ್ತು ವರ್ಷದಿಂದ ಗುರಿ ಕೂಡಿಸುತ್ತ ಬಂದವನು ರೇನೊ. ಪ್ರತಿ ಅಕ್ಟೋಬರಿನಲ್ಲೂ ಜಲ್ಲಿಗುಂಡಿಯಲ್ಲಿ ಕಾಗದ ನೆಟ್ಟು, ನೂರು ಗಜದಿಂದ ಮೂರು ಗುಂಡು ಹಾರಿಸಿ, ಮೂರೂ ತೂತಿನ ಮೇಲೆ ಒಂದೇ ಕಾಫಿ ಬಟ್ಟಲು ಮುಚ್ಚುವಂತೆ ಆದ ಮೇಲೆ ದುರ್ಬೀನಿನ ತಿರುಪುಗಳಿಗೆ ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದ. ಕೂದಲೆಳೆಯಷ್ಟು ಸಣ್ಣ ಗೆರೆ. ತಿರುಪಿನ ತಲೆಯಿಂದ ಹೊರಟು ಪಕ್ಕದ ಲೋಹದ ಮೇಲೆ ಇಳಿಯುವ ಒಂದೇ ಗೆರೆ. ತಿರುಪು ಒಂದಿಷ್ಟು ಅಲುಗಿದರೂ ಗೆರೆ ಮುರಿಯುತ್ತದೆ, ಬರಿಗಣ್ಣಿಗೆ ತಿಳಿಯುತ್ತದೆ. ಅದಕ್ಕೆ ಅವರೆಲ್ಲ ರೇನೊನ ಗೆರೆ ಎಂದೇ ಹೆಸರಿಟ್ಟಿದ್ದರು. ಅಂಥವನ ರೈಫಲ್ಲಿಗೆ ಡ್ವೇನ್ ಗಾಜು ಕೂರಿಸುತ್ತಾನಂತೆ. ಕತ್ತರಿ ಹಿಡಿದು ರೇನೊನ ಅಂಗಿಯ ಬಾಲ ಕತ್ತರಿಸಿದ ಕೈ ಅದು. ಈಗ ತಿರುಪನ್ನೂ ಕೇಳುತ್ತಿದೆ.

ಅಂಗಿ ಅವನ ಮೈಮೇಲೇ ಇತ್ತು. ಕೆಂಪು ಕಪ್ಪು ಚೌಕುಳಿಯ ಉಣ್ಣೆಯಂಗಿ. ಹಿಂದುಗಡೆ ಗೇಣುದ್ದ ಕತ್ತರಿಸಿದ ಜಾಗಕ್ಕೆ ಲೊರೇನ್ ಜನವರಿಯಲ್ಲಿ ಬೂದು ಬಟ್ಟೆಯ ತೇಪೆ ಹಾಕಿ ಹೊಲಿದಿದ್ದಳು. ಕತ್ತರಿಸಿದ ತುಂಡು ಬೇಟೆಮನೆಯ ಗೋಡೆಯಲ್ಲಿ ಮಿಕ್ಕ ತುಂಡುಗಳ ಸಾಲಿನಲ್ಲಿ ಮೊಳೆ ಹೊಡೆಸಿಕೊಂಡು, ಕೆಳಗೆ ಹೆಸರು ಇಸವಿ ಬರೆಸಿಕೊಂಡು ನೇತಾಡುತ್ತಿತ್ತು. ಜಿಂಕೆಗೆ ಗುರಿ ತಪ್ಪಿದವನ ಅಂಗಿಯ ಬಾಲ ಗೋಡೆಗೆ, ಇದು ಲೊರೇನಳ ಅಪ್ಪ ಊರ್ಹೊ ಮಾಕಿಯ ಕಾಲದಿಂದ ಬಂದ ಪದ್ಧತಿ. ಗೋಡೆಯಲ್ಲಿ ಹದಿನೇಳು ತುಂಡುಗಳಿದ್ದವು, ಅವುಗಳಲ್ಲಿ ಐದು ಡ್ವೇನನವು, ರೇನೊನದು ಒಂದೂ ಇರಲಿಲ್ಲ, ಹೋದ ನವೆಂಬರಿನ ತನಕ. ಪದ್ಧತಿಗೆ ಇನ್ನೊಂದು ಬಾಲವೂ ಇತ್ತು: ಗುರಿ ತಪ್ಪಿದವನು ಬಂದೂಕಿನ ಮೇಲೆ ತಪ್ಪು ಹೊರಿಸಿದರೆ ಮೂರು ದಿನ ಎಲ್ಲರ ಎಂಜಲು ತಟ್ಟೆ ತೊಳೆಯಬೇಕು. ಕುಣಿಯಲಾರದವಳು ನೆಲ ಡೊಂಕು ಅನ್ನಕೂಡದು. ಹಾಗೆಂದು ತಟ್ಟೆ ತೊಳೆದವರನ್ನು ಎಲ್ಲರಿಗಿಂತ ಜೋರಾಗಿ ಗೇಲಿ ಮಾಡಿದವನು ರೇನೊನೇ.

ಅವನು ಬೋಲ್ಟು ಹಿಂದಕ್ಕೆಳೆದು, ಒಳಗೆ ಗುಂಡಿಲ್ಲವೆಂದು ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿ ಮತ್ತೊಮ್ಮೆ ನೋಡಿ, ದೀಪವನ್ನು ಹತ್ತಿರಕ್ಕೆ ಎಳೆದುಕೊಂಡ. ಹೋದ ವರ್ಷ ಬೇಟೆ ಮುಗಿಸಿ ಬಂದವನು ಈ ರೈಫಲ್ಲನ್ನು ಚೀಲದಿಂದ ಹೊರತೆಗೆದಿರಲೇ ಇಲ್ಲ. ಒಮ್ಮೆ ಬಾರು ತುಂಬಿದರೆ ಬಂದೂಕಿನ ಕುದುರೆ ಒತ್ತಿದಷ್ಟು ಸಲವೂ ತಾನೇ ಮುಂದಿನ ಗುಂಡು ಎಳೆದುಕೊಳ್ಳುವ ಸೆಮಿ ಆಟೊಮ್ಯಾಟಿಕ್ ಅದು. ಆದರೆ ಅಂದು ಮೇಪಲ್ ಮರಗಳ ದಿಣ್ಣೆಯ ಮೇಲೆ, ತನ್ನ ಕಾಯಂ ಜಾಗದಲ್ಲಿ, ಅವನು ಒಂದೇ ಗುಂಡು ಹಾರಿಸಿದ್ದ. ಎರಡನೆಯದಕ್ಕೆ ಬೆರಳು ಏಳಲಿಲ್ಲ. ಅರವತ್ತು ಗಜದಾಚೆ, ಜೌಗಿನಿಂದ ಮೇಲೆ ಬಂದ ಗಂಡು ಜಿಂಕೆ, ಎಂಟು ಕವಲಿನ ಕೊಂಬು, ಪಕ್ಕೆ ತೋರಿಸಿಕೊಂಡು ಫೋಟೋಗೆ ನಿಂತ ಹಾಗೆ ನಿಂತಿತ್ತು. ಗುಂಡಿನ ಸದ್ದಿಗೆ ಅದು ಓಡಲೂ ಇಲ್ಲ. ತಲೆ ತಿರುಗಿಸಿ, ಇದು ನೀನೇನಾ ಎಂಬಂತೆ ಅವನತ್ತ ನೋಡಿ, ನಡೆದುಕೊಂಡು ಹೋಯಿತು. ಆ ನಡಿಗೆ ಅವನ ಕನಸಿನಲ್ಲಿ ಬರುವುದಿರಲಿ, ಅಂಗಡಿಯಲ್ಲಿ ಹಾಲಿನ ಡಬ್ಬಿ ಎತ್ತಿಕೊಳ್ಳುವಾಗಲೂ ಬರುತ್ತಿತ್ತು.

ದುರ್ಬೀನು ಎರಡು ಕಾಲುಗಳ ಮೇಲೆ, ರೈಫಲ್ಲಿನ ಬೆನ್ನಿಗಂಟಿದ ಹಲ್ಲುಹಲ್ಲಾದ ಪಟ್ಟಿಯನ್ನು ಕಚ್ಚಿಕೊಂಡು ಕೂತಿತ್ತು. ಮುಂದಿನ ಕಾಲಿನ ತಿರುಪಿಗೆ ಸ್ಪ್ಯಾನರ್ ಹಾಕಲು ಹೋದ ಅವನ ಕೈ ನಿಂತಿತು. ತಿರುಪಿನ ತಲೆಯ ಮೇಲಿನ ಹಳದಿ ಗೆರೆ ಒಂದು ಕಡೆ, ಕಾಲಿನ ಮೇಲಿನ ಹಳದಿ ಗೆರೆ ಇನ್ನೊಂದು ಕಡೆ. ನಡುವೆ ಬೆಂಕಿಕಡ್ಡಿಯ ದಪ್ಪದಷ್ಟು ಅಂತರ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದ. ಹಿಂದಿನ ಕಾಲನ್ನು ನೋಡಿದ. ಅಲ್ಲೂ ಗೆರೆ ಮುರಿದಿತ್ತು, ಆದರೆ ಇನ್ನೂ ದೂರಕ್ಕೆ. ತಿರುಪು ತಾನಾಗಿ ಸಡಿಲವಾದರೆ ಬಿಚ್ಚುವ ಕಡೆಗೆ ತಿರುಗುತ್ತದೆ. ಇವೆರಡೂ ಬಿಗಿಯುವ ಕಡೆಗೆ ದಾಟಿ ನಿಂತಿದ್ದವು. ಯಾರೋ ಬಿಚ್ಚಿ, ಮತ್ತೆ ಬಿಗಿದಿದ್ದರು, ತಾನು ಬಿಗಿಯುವುದಕ್ಕಿಂತ ಹೆಚ್ಚು, ಭಯದಲ್ಲಿ ಬಿಗಿದಂತೆ. ದೀಪವನ್ನು ಇನ್ನೂ ಕೆಳಗೆ ತಂದಾಗ ಕೊಳವೆಯ ಎಡಮಗ್ಗುಲಲ್ಲಿ ಕಪ್ಪು ಬಣ್ಣ ಕೆತ್ತಿಹೋಗಿ ಬಿಳಿಯ ಲೋಹ ಕಾಣುತ್ತಿತ್ತು. ಕೆತ್ತಿದ ಕಡೆ ಒಂದೆರಡು ಕಣ ಕೆಂಪು ಮರಳು ಅಂಟಿಕೊಂಡೇ ಇತ್ತು. ಆ ಕೆಂಪು ಕಲ್ಲು ಅವನಿಗೆ ಗೊತ್ತಿರುವ ಹಾಗೆ ಒಂದೇ ಕಡೆ ಇದೆ, ಬೇಟೆಮನೆಯ ಬಾಗಿಲ ಮೆಟ್ಟಿಲಿನಲ್ಲಿ.

ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ಎಷ್ಟು ಸಂತೋಷವೆಂದರೆ ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ನಾನಲ್ಲ. ನನ್ನ ಕೈಯಲ್ಲ, ನನ್ನ ಕಣ್ಣಲ್ಲ. ಒಂದು ವರ್ಷದಿಂದ ಎದೆಯ ಮೇಲೆ ಕಾಲಿಟ್ಟುಕೊಂಡು ಕೂತಿದ್ದ ಏನೋ ಎದ್ದು ಹೋಯಿತು. ಅರವತ್ತು ಗಜಕ್ಕೆ ಕೊಟ್ಟಿಗೆಯ ಬಾಗಿಲಿಗೂ ತಗಲದಂತೆ ಗುರಿ ಕೆಟ್ಟಿದ್ದ ರೈಫಲ್ಲು ಹಿಡಿದು ಕೂತಿದ್ದೆ ನಾನು. ಹೋದ ಚಳಿಗಾಲವೆಲ್ಲ ಅವನು ಸೌನಾದ ಹಬೆಕೋಣೆಯಲ್ಲಿ ಒಬ್ಬನೇ ಕೂತು, ಬಿಸಿಕಲ್ಲಿನ ಮೇಲೆ ನೀರು ಎರಚುತ್ತ, ಅಂಗೈಗಳನ್ನು ಮುಂದೆ ಚಾಚಿ ನಡುಗುತ್ತವೆಯೇ ಎಂದು ನೋಡಿಕೊಂಡಿದ್ದ. ಬೇಟೆಯಿಂದ ಮರಳಿದ ಮೇಲೆ ಜಲ್ಲಿಗುಂಡಿಗೆ ಹೋಗಿ ಮೂರು ಗುಂಡು ಹಾರಿಸಿದ್ದರೆ ಆಗಲೇ ತಿಳಿಯುತ್ತಿತ್ತು. ಹೋಗಲಿಲ್ಲ. ಹೋಗುವುದನ್ನು ಯಾರಾದರೂ ನೋಡಿದರೆ ನೆಲ ಡೊಂಕು ಅನ್ನಲು ಹೊರಟ ಎಂದಾರು, ಅದು ಒಂದು. ಇನ್ನೊಂದು, ಕಾಗದದ ಮೇಲೆ ತೂತುಗಳು ಸರಿಯಾದ ಜಾಗದಲ್ಲೇ ಬಿದ್ದರೆ? ಆಗ ತಪ್ಪಿದ್ದು ತಾನೇ ಎಂಬುದಕ್ಕೆ ಕಾಗದವೇ ಸಾಕ್ಷಿ. ಅದಕ್ಕಿಂತ ತಿಳಿಯದಿರುವುದೇ ಮೇಲು ಎಂದು ಚೀಲದ ಜಿಪ್ಪು ಎಳೆದಿದ್ದ. ಗರ್ವವೂ ಹೇಡಿತನವೂ ಒಂದೇ ಜಿಪ್ಪಿನ ಎರಡು ಸಾಲು ಹಲ್ಲು ಎಂದು ಈಗ ಅನ್ನಿಸಿತು.

ಸಿಟ್ಟು ನಿಧಾನವಾಗಿ, ಒಂದೊಂದೇ ಮೆಟ್ಟಿಲು ಹತ್ತಿ ಬಂತು. ಬೇಟೆಯ ಹಿಂದಿನ ಸಂಜೆ ಟ್ರಕ್ಕಿನಿಂದ ರೈಫಲ್ಲುಗಳನ್ನು ಇಳಿಸಿದವನು ಡ್ವೇನ್. ತಾನು ಒಳಗೆ ಒಲೆ ಹೊತ್ತಿಸುತ್ತಿದ್ದ. ಇಷ್ಟು ಹೊತ್ತು ಏನು ಮಾಡುತ್ತಿದ್ದೀ ಎಂದು ಕೂಗಿದ್ದಕ್ಕೆ ಅವನು ಒಳಗೆ ಬಂದು, "ಉಚ್ಚೆ ಹೊಯ್ಯೋಕೂ ನಿನ್ ಪರ್ಮಿಷನ್ ಬೇಕಾ ಭಾವ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಮರುದಿನ ಕತ್ತರಿ ಯಾರ ಕೈಗೆ ಎಂಬ ಮಾತು ಬಂದಾಗ ಡ್ವೇನ್ ಬೇಡ ಬೇಡ ಎಂದು ಹಿಂದೆ ಸರಿದಿದ್ದ. ಆಗ ರೇನೊನ ಕಣ್ಣು ತುಂಬಿ ಬಂದಿತ್ತು, ಪಾಪ ಭಾವನ ಮರ್ಯಾದೆ ಉಳಿಸುತ್ತಿದ್ದಾನೆ ಎಂದು. ತಾನೇ ಅವನನ್ನು ಕರೆದು, "ನೀನೇ ಕತ್ತರಿಸೋ, ಮನೆಯವನ ಕೈಲಾದ್ರೆ ನೋವು ಕಮ್ಮಿ" ಎಂದು ಬೆನ್ನು ತಿರುಗಿಸಿ ನಿಂತಿದ್ದ. ಉಣ್ಣೆ ಕತ್ತರಿಗೆ ಸಿಕ್ಕಿ ಕರಕರ ಎಂದ ಸದ್ದು. ಆಮೇಲೆ ಇನ್ನೂ ಮುಂದಕ್ಕೆ ಹೋಗಿ, ದಿಣ್ಣೆಯ ಜಾಗವನ್ನು ನೀನೇ ತಗೋ ಎಂದು ಎಲ್ಲರೆದುರು ಹೇಳಿದವನೂ ತಾನೇ. ಡ್ವೇನ್ ತೆಗೆದುಕೊಂಡ. ಮೂರನೆಯ ದಿನ ಅದೇ ಜಾಗದಿಂದ ಅದೇ ಎಂಟು ಕವಲಿನ ಜಿಂಕೆಯನ್ನು ಹೊಡೆದ. ಆ ಮಾಂಸವನ್ನು ಕ್ರಿಸ್‌ಮಸ್ಸಿಗೆ ಲೊರೇನ್ ಬೇಯಿಸಿದಳು, ರೇನೊ ಎರಡು ಸಲ ಹಾಕಿಸಿಕೊಂಡು, ಮೆತ್ತಗಿದೆ ಎಂದು ಹೊಗಳಿದ.

ದಿಣ್ಣೆ ಎಂದರೆ ಬರಿಯ ದಿಣ್ಣೆಯಲ್ಲ. ಮಾವ ಊರ್ಹೊ ತನ್ನ ಕೊನೆಯ ಬೇಟೆಯ ವರ್ಷ ಆ ಜಾಗವನ್ನು ಮಗನಿಗೆ ಬಿಡದೆ ಅಳಿಯನಿಗೆ ಬಿಟ್ಟಿದ್ದ. ಬಿಳಿಯ ಹುಬ್ಬಿನಡಿಯಿಂದ ನೋಡುತ್ತ ಒಂದೇ ಷರತ್ತು ಹಾಕಿದ್ದ. "ಮುರಿದ ಹೆಮ್ಲಾಕ್ ಮರ ಕಾಣ್ತದಲ್ಲ, ಅದರ ಎಡಕ್ಕೆ ಗುಂಡು ಹಾರಿಸಬಾರದು. ಎಡಕ್ಕೆ ಜೌಗಲ್ಲಿ ನಮ್ಮೋರು ಕೂತಿರ್ತಾರೆ. ಎಡಕ್ಕೆ ರಾಜನೇ ಬಂದ್ ನಿಂತ್ರೂ ಬಿಟ್ಬಿಡು." ಡ್ವೇನ್ ಅಲ್ಲೇ ನಿಂತು ಬೂಟಿನ ಹಿಮ ಕೆರೆಯುತ್ತಿದ್ದ. ಆಗ ಅವನಿಗೆ ಮೂವತ್ತೆರಡು, ಗೋಡೆಯಲ್ಲಿ ಸಾಲಾಗಿ ಅವನ ಮೂರು ಬಾಲಗಳು. ಅಂದಿನಿಂದ ಮೂವತ್ತು ವರ್ಷ ಅವನು ಹೆಮ್ಲಾಕಿನ ಎಡಕ್ಕೆ, ಜೌಗಿನಲ್ಲಿ, ಬುಡ ಒದ್ದೆ ಮಾಡಿಕೊಂಡು ಕೂತ. ಒಂದು ಮಾತೂ ಆಡಲಿಲ್ಲ. ಮಾತಾಡದವನು ಮರೆತಿದ್ದಾನೆಂದು ತಿಳಿದದ್ದು ರೇನೊನ ಮೊದಲನೆಯ ತಪ್ಪು ಇದ್ದೀತು.

ಆದರೂ ಕೈಗಳು ತಮ್ಮ ಕೆಲಸಕ್ಕೆ ತೊಡಗಿದ್ದವು; ಕೈಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ಹಳೆಯ ದುರ್ಬೀನನ್ನು ಕಳಚಿ ಪಕ್ಕಕ್ಕಿಟ್ಟ. ಪಟ್ಟಿಯ ಹಲ್ಲುಗಳ ನಡುವೆ ಕೂತ ಎಣ್ಣೆ ಜಿಡ್ಡನ್ನು ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿದ. ಹೊಸ ಗಾಜಿನ ಪೀಠವನ್ನು ಹಲ್ಲಿಗೆ ಕೂರಿಸಿ, ಗುಂಡಿನ ಒದೆತಕ್ಕೆ ಸರಿಯದಂತೆ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ ಹಿಡಿದು, ತಿರುಪಿಗೆ ನೀಲಿ ಅಂಟಿನ ಒಂದೇ ಹನಿ ಮುಟ್ಟಿಸಿ, ಬೆರಳಲ್ಲೇ ತಿರುಗಿಸಿದ. ಆಮೇಲೆ ಬಿಗಿಯ ಅಳತೆಯ ಸ್ಪ್ಯಾನರ್ ಹಾಕಿ ಅದು ಟಕ್ ಎನ್ನುವ ತನಕ. ಟಕ್ ಎಂದ ಮೇಲೆ ಒಂದು ಎಳೆಯೂ ಹೆಚ್ಚಿಗೆ ಕೂಡದು. ಹೆಚ್ಚು ಬಿಗಿದವನಿಗೆ ತಿರುಪಿನ ಮೇಲೆ ನಂಬಿಕೆಯಿಲ್ಲ ಎಂದರ್ಥ. ಪುಟ್ಟ ಗುಂಡಿಯನ್ನು ಒತ್ತಿ ಚುಕ್ಕಿ ಹೊತ್ತಿಸಿದ. ರೈಫಲ್ಲನ್ನು ಭುಜಕ್ಕೆ ಕೊಟ್ಟು, ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಬೇಟೆ ಶುರುವಾಗುವ ಹದಿನೈದನೇ ತಾರೀಕಿನ ಚೌಕದ ಮೇಲೆ ಚುಕ್ಕಿ ತಂದ.

ಚುಕ್ಕಿ ಚುಕ್ಕಿಯಾಗಿರಲಿಲ್ಲ. ಬೆರಳಿನಡಿ ಜಜ್ಜಿದ ಕಾಡುಹಣ್ಣಿನಂತೆ ಎಡಕ್ಕೆ ಹರಡಿಕೊಂಡು, ಬಾಲ ಬಿಟ್ಟುಕೊಂಡು ಹದಿನೈದನ್ನೂ ಹದಿನಾಲ್ಕನ್ನೂ ಮುಚ್ಚಿತ್ತು. ಅಗ್ಗದ ಮಾಲು ಎಂದುಕೊಂಡ. ಹಾಗೆಂದುಕೊಳ್ಳುವುದರಲ್ಲಿ ಒಂದು ರುಚಿಯೂ ಇತ್ತು, ಡ್ವೇನ್ ಕೊಡುವ ಉಡುಗೊರೆ ಇನ್ನು ಹೇಗಿದ್ದೀತು. ಬೆಳಕು ಕಡಿಮೆ ಮಾಡಿದ. ಗಾಜು ಒರೆಸಿದ. ಬ್ಯಾಟರಿ ತೆಗೆದು ಹಾಕಿದ. ಬಾಲ ಹೋಗಲಿಲ್ಲ. ರೈಫಲ್ಲನ್ನು ಮಗ್ಗುಲಿಗೆ ಹೊರಳಿಸಿ ನೋಡಿದ. ಗಾಜಿನ ದೋಷವಾಗಿದ್ದರೆ ಅದರ ಜೊತೆ ಬಾಲವೂ ಹೊರಳಬೇಕು. ರೈಫಲ್ಲು ಹೊರಳಿತು, ಬಾಲ ಎಡಕ್ಕೇ ನಿಂತಿತು. ಹಳೆಯ ಕಾಲದ ಬಂದೂಕುಗಳಲ್ಲಿ ಸಣ್ಣ ತೂತಿನ ಮೂಲಕ ಗುರಿ ನೋಡುತ್ತಿದ್ದುದು ನೆನಪಾಗಿ, ತಿರುಪಿನ ಪೊಟ್ಟಣದ ರಟ್ಟು ಹರಿದು ಅದಕ್ಕೆ ಮೊಳೆಯಿಂದ ತೂತು ಹೊಡೆದು ಕಣ್ಣಿಗೆ ಹಿಡಿದ. ತೂತಿನೊಳಗೆ ಚುಕ್ಕಿ ದುಂಡಗಿತ್ತು. ಸೂಜಿಯಿಂದ ಚುಚ್ಚಿದಷ್ಟು ಸಣ್ಣಗೆ, ಹದಿನೈದರಲ್ಲಿನ ಒಂದು ಎಂಬ ಅಂಕಿಯ ತಲೆಯ ಮೇಲೆ ಅಲುಗದೆ ಕೂತಿತ್ತು. ರಟ್ಟು ತೆಗೆದ, ಬಾಲ. ಇಟ್ಟ, ದುಂಡಗೆ. ಐದಾರು ಸಲ ಹಾಗೆ ಮಾಡಿದ. ಗಾಜಿನಲ್ಲಿ ಏನೂ ಇರಲಿಲ್ಲ, ಕಣ್ಣೇ ಕೈಕೊಟ್ಟಿತ್ತು, ಯಾವಾಗ ಎಂದು ಒಂದು ಮಾತೂ ಹೇಳದೆ. ನೋಟ ಸ್ಪಷ್ಟವಾಗಲೆಂದು ದುರ್ಬೀನಿನ ಬಿರಡೆಯನ್ನು ಪ್ರತಿ ವರ್ಷ ಒಂದಿಷ್ಟು ತಿರುಗಿಸಿಕೊಂಡು ಬಂದದ್ದು ಗಾಜು ಹಳತಾಯಿತೆಂದಲ್ಲ. ಹಾಗಾದರೆ ಅಂದು, ತಿರುಪು ಸರಿಯಿದ್ದಿದ್ದರೂ? ಈ ಪ್ರಶ್ನೆಯನ್ನು ಅವನು ಪೂರ್ತಿಯಾಗಲು ಬಿಡಲಿಲ್ಲ. ಹತ್ತು ನಿಮಿಷದ ಹಿಂದೆ ಸಿಕ್ಕಿದ ಸಂತೋಷವನ್ನು ಅಷ್ಟು ಬೇಗ ಯಾರು ಕೈಬಿಡುತ್ತಾರೆ.

ಮೆಟ್ಟಿಲ ಮೇಲೆ ಲೊರೇನಳ ಹೆಜ್ಜೆ ಕೇಳಿತು. ಕಾಫಿ ಬಟ್ಟಲು ಹಿಡಿದು ಬಂದವಳು ಬೆಂಚಿನ ಮೇಲೆ ಕಳಚಿಟ್ಟ ದುರ್ಬೀನನ್ನು ನೋಡಿ ಕೊನೆಯ ಮೆಟ್ಟಿಲಲ್ಲೇ ನಿಂತಳು. ಅವಳ ಕೈಯಲ್ಲಿ ಇನ್ನೂ ಹಿಟ್ಟು ಅಂಟಿತ್ತು.

"ಡ್ವೇನ್ ತಾನೇ ಬಂದು ಕೂರಿಸ್ತೀನಿ ಅಂದಿದ್ನಲ್ಲ," ಅಂದಳು.

"ತಿರುಪು ಯಾರೋ ಬಿಚ್ಚಿದಾರೆ."

ಅವಳು ಯಾವ ತಿರುಪು ಎಂದು ಕೇಳಲಿಲ್ಲ. ಕೇಳುತ್ತಾಳೆಂದು ರೇನೊ ಕಾದ. ನಲವತ್ತು ವರ್ಷದಲ್ಲಿ ಅವನು ಏನು ಹೇಳಿದರೂ ಮೊದಲು ಯಾವುದು, ಎಲ್ಲಿ ಎಂದು ಕೇಳುವವಳು. ಅವಳು ಬಟ್ಟಲನ್ನು ಬೆಂಚಿನ ಮೇಲಿಟ್ಟು, ಏನೂ ಚೆಲ್ಲಿರದಿದ್ದರೂ ಬೆಂಚನ್ನು ಸೆರಗಂಚಿನಂತೆ ಇಳಿಬಿದ್ದ ತನ್ನ ಅಡುಗೆ ಬಟ್ಟೆಯಿಂದ ಒರೆಸಿದಳು.

"ನಿಂಗ್ ಗೊತ್ತಿತ್ತು," ಅಂದ.

"ಕ್ರಿಸ್‌ಮಸ್ ದಿನ ಹೇಳ್ದ. ಗರಾಜಲ್ಲಿ. ಅತ್ತ ಅವ್ನು."

"ಅತ್ತ. ಒಳ್ಳೇದು. ನೀನು ಮಾಂಸ ಬಡಿಸಿದ್ದು ಅದಕ್ ಮುಂಚೆನೋ ಆಮೇಲೋ?"

ಲೊರೇನ್ ಅವನ ಅಂಗಿಯ ಹಿಂದಿನ ತೇಪೆಯನ್ನು ನೋಡುತ್ತಿದ್ದಳು, ತನ್ನದೇ ಹೊಲಿಗೆಯನ್ನು. "ಆಮೇಲೆ," ಅಂದಳು. "ಹೇಳ್ಬೇಕು ಅಂತ ಹೊರಟೆ ರೇನೊ. ಆ ವಾರಾನೇ ನೀನು ಗೇಟಿನ ಕಂಬಕ್ಕೆ ಟ್ರಕ್ ಉಜ್ಜಿಸ್ಕೊಂಡ್ ಬಂದೆ, ಕಂಬಾನೇ ಸರಿದಿದೆ ಅಂದೆ. ಕಾಫೀನ ಬಟ್ಟಲ ಪಕ್ಕಕ್ ಸುರೀತೀಯ. ನಾನ್ ಅನ್ಕೊಂಡೆ, ಯಾರ ತಪ್ಪಿಂದಾನಾದ್ರೂ ಆಗ್ಲಿ, ಆ ದಿಣ್ಣೆ ಇಳಿದ್ ಬಂದ್ನಲ್ಲ, ಸಾಕು. ಕಣ್ಣಿನ್ ಡಾಕ್ಟರ ಹತ್ರ ಹೋಗು ಅಂತ ಎಷ್ಟ್ ಸಲ ಹೇಳಿಲ್ಲ."

"ಒಂದ್ ವರ್ಷ ನಾನು ಕೈ ನಡುಗ್ತಿದೆಯಾ ಅಂತ ನೋಡ್ಕೋತಾ ಕೂತಿದ್ದೆ. ಅದೂ ನೋಡಿದ್ಯಾ?"

"ನೋಡ್ದೆ," ಅಂದಳು ಅವಳು, ಸಣ್ಣ ದನಿಯಲ್ಲಿ.

ತೇಪೆಯ ಹೊಲಿಗೆ ಅವನ ಸೊಂಟಕ್ಕೆ ಸುಟ್ಟಂತಾಯಿತು. ಕೂದಲೆಳೆಯಷ್ಟು ಸಣ್ಣ ಹೊಲಿಗೆ, ಒಂದೂ ಸೊಟ್ಟವಿಲ್ಲ; ಎಲ್ಲ ಗೊತ್ತಿದ್ದು ಎಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದಾಳೆ. ಅವಳು ಹೇಳಿದ್ದು ಸುಳ್ಳಲ್ಲ ಎಂದು ಅವನಿಗೆ ಗೊತ್ತಿತ್ತು, ಅದೇ ಸಹಿಸಲಾಗದ ಸಂಗತಿ. ಅಕ್ಕ ತಮ್ಮ ಸೇರಿಕೊಂಡು, ಒಬ್ಬ ಭಯದಿಂದ ಇನ್ನೊಬ್ಬಳು ಪ್ರೀತಿಯಿಂದ, ಅವನನ್ನು ಮುದುಕನನ್ನಾಗಿ ಮಾಡಿ ಮೂಲೆಯಲ್ಲಿ ಕೂರಿಸಿದ್ದರು. ಅವನು ನಿಜವಾಗಿಯೂ ಮುದುಕನಾಗಿದ್ದ ಎಂಬುದು ಬೇರೆ ಮಾತು. ಅದನ್ನು ತಿಳಿದುಕೊಳ್ಳುವ ಹಕ್ಕು ಮೊದಲು ಅವನದಾಗಿತ್ತು.

ಅಂಗಳದಲ್ಲಿ ಟ್ರಕ್ಕು ನಿಂತ ಸದ್ದಾಯಿತು. ಇವತ್ತು ಡ್ವೇನ್ ಬೇಟೆಮನೆಗೆ ಹೋಗಿ ಒಲೆಯ ಕೊಳವೆ ಗುಡಿಸಿ, ಯಾರ ಜಾಗ ಎಲ್ಲಿ ಎಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ದಿನ. ಹಲಗೆಯ ಮೇಲೆ ಒಮ್ಮೆ ಬರೆದರೆ ಆ ವರ್ಷ ಬದಲಾಗದು. ಬೂಟು ಕಳಚದೆ ನೇರ ಮಾಳಿಗೆಗೆ ಇಳಿದು ಬಂದ ಅವನು, "ಏನ್ ಭಾವ, ಹದ್ದು ಇನ್ನೂ ಮೊಟ್ಟೆ ಮೇಲೇ ಕೂತಿದ್ಯಾ?" ಎಂದು ಅರ್ಧ ಹೇಳುವಷ್ಟರಲ್ಲಿ ಅಕ್ಕನ ಮುಖ ನೋಡಿ ನಿಂತ. ಅವನ ಬಲಗೈ ತಾನಾಗಿ ಮೇಲೆದ್ದು ಜೇಬಿನಲ್ಲಿದ್ದ ಮಡಚುವ ಚಾಕು–ಸ್ಪ್ಯಾನರಿನ ಗಂಟನ್ನು ಮುಟ್ಟಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.

ರೇನೊ ಹಳೆಯ ದುರ್ಬೀನಿನ ಕಾಲನ್ನು ದೀಪದಡಿಗೆ ತಳ್ಳಿದ. ಕೆತ್ತಿದ ಕಲೆ ಮೇಲಕ್ಕಿತ್ತು.

"ಚೀಲದ ಜಿಪ್ಪು ಪೂರ್ತಿ ಹಾಕಿರ್ಲಿಲ್ಲ," ಅಂದ ಡ್ವೇನ್. "ಮೆಟ್ಲ ಮೇಲ್ ಜಾರ್ತು. ದುರ್ಬೀನು ಒಂಚೂರು ವಾಲಿತ್ತು. ನೆಟ್ಟಗ್ ಮಾಡ್ದೆ ಅನ್ಕೊಂಡೆ ಭಾವ, ಕಣ್ಣಳತೇಲಿ. ಗೆರೆ ಇರೋದು ತಲೆಗೇ ಹೋಗ್ಲಿಲ್ಲ, ಕತ್ಲಾಗಿತ್ತು."

"ರಾತ್ರಿ ಹೇಳ್ಬಹುದಿತ್ತು."

"ನೀನ್ ಬೈತಿದ್ದೆ."

"ಬೆಳಿಗ್ಗೆ ಹೇಳ್ಬಹುದಿತ್ತು."

"ಬೆಳಿಗ್ಗೆ ನೀನು ಆಗ್ಲೇ ದಿಣ್ಣೆ ಹತ್ತಿದ್ದೆ."

"ನನ್ ಬೆನ್ ಹಿಂದೆ ಕತ್ತರಿ ಹಿಡಿದ್ ನಿಂತಾಗ?"

ಡ್ವೇನ್ ಟೊಪ್ಪಿ ತೆಗೆದ. ಅರವತ್ತೆರಡು ವರ್ಷದ ಬೋಳುತಲೆ, ಅಪ್ಪ ಊರ್ಹೊನದೇ ಅಚ್ಚು, ಆದರೆ ಆ ಹುಬ್ಬು ಇಲ್ಲ. "ಆಗ ಹೇಳೋಣ ಅಂತಾನೇ ಬಾಯಿ ತೆಗೆದೆ. ಎಲ್ರೂ ನಗ್ತಿದ್ರು. ನೀನೇ ಕತ್ತರಿಸು ಅಂದೆ. ಆಮೇಲೆ ನೀನು ದಿಣ್ಣೆ ತಗೋ ಅಂದ್ಬಿಟ್ಟೆ." ಅವನು ಟೊಪ್ಪಿಯ ಒಳಗನ್ನು ನೋಡಿದ. "ಮೂವತ್ತು ವರ್ಷ ಭಾವ. ಅಪ್ಪ ಕೊಡ್ಲಿಲ್ಲ. ನೀನ್ ಕೊಟ್ಟೆ. ಬೇಡ ಅನ್ನೋಕೆ ಆಗ್ಲಿಲ್ಲ. ಅಷ್ಟೇ."

ಅದೊಂದು ನಿಜ ಹೇಳಿದ ಎಂದು ರೇನೊನಿಗೆ ಅನ್ನಿಸಿತು. ಜಿಪ್ಪು, ಕತ್ತಲೆ, ಕಣ್ಣಳತೆ, ಅವೆಲ್ಲ ಇರಬಹುದು, ಇಲ್ಲದಿರಬಹುದು. ಬೇಡ ಅನ್ನಲಾಗಲಿಲ್ಲ ಎಂಬುದು ಮಾತ್ರ ಉಗುರಿನಲ್ಲಿ ಕೆರೆದರೂ ಹೋಗದ ನಿಜ. ಹಾಗಾಗಿಯೇ ಕ್ಷಮಿಸುವುದು ಕಷ್ಟವಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆ ಜಿಂಕೆಯನ್ನು ಹೊಡೆದ, ತಂದ, ತಿನ್ನಿಸಿದ.

"ಗೋಡೆ ಮೇಲಿಂದ ನಿನ್ ಬಟ್ಟೆ ಇವತ್ತೇ ಕೀಳ್ತೀನಿ," ಅಂದ ಡ್ವೇನ್. "ನನ್ ಅಂಗಿ ಪೂರ್ತಿ ಗೋಡೆಗೆ ಹೊಡೀರಿ ಬೇಕಾದ್ರೆ. ಎಲ್ರಿಗೂ ನಾನೇ ಹೇಳ್ತೀನಿ. ದಿಣ್ಣೆ ನಿಂದು. ಹಲಗೆ ಮೇಲೆ ಮೊದಲು ನಿನ್ ಹೆಸರೇ ಬರೀತೀನಿ." ಸ್ವಲ್ಪ ಸುಧಾರಿಸಿಕೊಂಡು ರೈಫಲ್ಲಿನತ್ತ ಕೈ ಚಾಚಿದ. "ನೋಡ್ಲಾ?"

ಅವನು ಬೋಲ್ಟು ಎಳೆದು ಒಳಗೆ ನೋಡಿಕೊಂಡು, ರೈಫಲ್ಲನ್ನು ಭುಜಕ್ಕೇರಿಸಿ ಕ್ಯಾಲೆಂಡರಿನತ್ತ ಹಿಡಿದ. "ಆಹಾ," ಅಂದ. "ಎಷ್ಟ್ ಚೆನ್ನಾಗಿ ಕೂರ್ಸಿದೀಯ. ಸಣ್ಣಗೆ, ದುಂಡಗೆ, ಸಾಸಿವೆ ಕಾಳಿನ್ ಹಾಗಿದೆ."

ಲೊರೇನ್ ಮೆಟ್ಟಿಲ ಕಂಬ ಹಿಡಿದು ನಿಂತಿದ್ದಳು. "ನಿನಗ್ ಹೇಗ್ ಕಾಣ್ಸುತ್ತೆ ರೇನೊ?" ಅಂದಳು.

ರೇನೊ ರೈಫಲ್ಲನ್ನು ಇಸಿದುಕೊಂಡ. ಅವನ ಅಂಗೈಯಲ್ಲಿ ತೂತಿನ ರಟ್ಟಿನ ಚೂರು ಮಡಚಿಕೊಂಡಿತ್ತು. ಈಗ ಹೇಳಿಬಿಡಬಹುದಾಗಿತ್ತು. ಹೇಳಿದರೆ ದಿಣ್ಣೆ ಮತ್ತೆ ಹೋಗುತ್ತದೆ, ಈ ಸಲ ಯಾರೂ ಕಸಿಯದೆ, ಯಾರ ಮೇಲೂ ಹೊರಿಸಲಾಗದೆ, ನ್ಯಾಯವಾಗಿ. ಕ್ಷಮೆ ಕೇಳಿ ಬೋಳುತಲೆ ತಗ್ಗಿಸಿ ನಿಂತ ಈ ಮನುಷ್ಯ ಎರಡೇ ನಿಮಿಷದಲ್ಲಿ ಮತ್ತೆ ತಲೆಯೆತ್ತುತ್ತಾನೆ, ಅಯ್ಯೋ ಭಾವ, ಕೂತ್ಕೋ ಭಾವ ಎಂದು ತೋಳು ಹಿಡಿಯುತ್ತಾನೆ. ತಿರುಪಿನ ಮುರಿದ ಗೆರೆಯನ್ನು ಎಲ್ಲರೂ ಮರೆತು ಅವನ ಕಣ್ಣಿನ ಮಾತೇ ಆಡುತ್ತಾರೆ. ಅವನು ಗಾಜಿನತ್ತ ನೋಡಿದ. ಕೆಂಪು ಬಾಲ ಎಡಕ್ಕೆ ಚಾಚಿಕೊಂಡಿತ್ತು.

"ದುಂಡಗಿದೆ," ಅಂದ.

ಲೊರೇನ್ ಅವನನ್ನೇ ನೋಡಿದಳು. ಅವಳು ಬಾಯಿ ತೆರೆದದ್ದನ್ನೂ, ತಮ್ಮನ ಮುಖ ನೋಡಿ, ತನ್ನ ಕೈಯ ಹಿಟ್ಟು ನೋಡಿ, ಮುಚ್ಚಿಕೊಂಡದ್ದನ್ನೂ ಅವನು ಕಂಡ. ಇನ್ನು ಈ ಮನೆಯಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವ ಹಾಗಿರಲಿಲ್ಲ. ಅವಳು ಬ್ರೆಡ್ಡು ಉಬ್ಬಿರುತ್ತದೆ ಎಂದು ಹೇಳಿ ಮೇಲೆ ಹೋದಳು.

ಈ ಸಲ ಜಲ್ಲಿಗುಂಡಿಗೆ ಹೋಗುವ ಮೊದಲೇ ರೇನೊ ಹಳದಿ ಬಣ್ಣದ ಪುಟ್ಟ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದ. ಡ್ವೇನ್ ಕೇಳದೆಯೇ ದೀಪ ಎತ್ತಿ ಹಿಡಿದ, ಮೂವತ್ತು ವರ್ಷದ ಅಕ್ಟೋಬರುಗಳಲ್ಲಿ ಹಿಡಿದ ಹಾಗೆಯೇ. ಕುಂಚದ ತುದಿ ತಿರುಪಿನ ತಲೆಯನ್ನು ಮುಟ್ಟಿ ಪಕ್ಕದ ಲೋಹಕ್ಕೆ ಇಳಿಯಿತು. ಗೆರೆ ಒಂದಾಗಿತ್ತೋ ಎರಡಾಗಿತ್ತೋ ಅವನಿಗೆ ಕಾಣಲಿಲ್ಲ. ದೀಪ ಹಿಡಿದವನಿಗೆ ಕಂಡಿರಬೇಕು, ಅವನೂ ಏನೂ ಅನ್ನಲಿಲ್ಲ.

"ನೀನೆಲ್ ಕೂರ್ತೀಯ ಈ ಸಲ?" ಎಂದು ಕೇಳಿದ ರೇನೊ, ಕುಂಚ ಒರೆಸುತ್ತ.

"ನಾನಾ? ಕೆಳಗೆ ಜೌಗಲ್ಲೇ ಭಾವ. ಹೆಮ್ಲಾಕಿನ್ ಎಡಕ್ಕೆ. ಮೊದ್ಲಿನ ಥರಾನೇ."

"ಸರಿ, ಹಾಗೇ ಬರಿ ಹಲಗೆ ಮೇಲೆ," ಎಂದು ರೇನೊ ರಟ್ಟಿನ ಚೂರನ್ನು ಅಂಗಿಯ ಜೇಬಿಗಿಳಿಸಿ ಗುಂಡಿ ಹಾಕಿಕೊಂಡ.